ಏಳು ಕುರ್ಚಿ, ಒಂದು ಉಸಿರು

ಆ ಊರಿನಲ್ಲಿ ಕಬಡ್ಡಿಯ ನಿಯಮವೇ ಊರಿನ ನಿಯಮ. ಬೇರೆ ಊರುಗಳಲ್ಲಿ ಔಟಾದವರು ಆಟ ಮುಗಿದ ಮೇಲೆ ಮೈಮೇಲಿನ ಮಣ್ಣು ಕೊಡವಿಕೊಂಡು ಮನೆಗೆ ಹೋಗುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಆ ಊರಿನಲ್ಲಿ ಹಾಗಲ್ಲ. ಕಣದಲ್ಲಿ ಔಟಾದವಳು ಊರಿನಲ್ಲೂ ಔಟು. ಕಣದ ಪಕ್ಕ ಹೊಂಗೆಮರದ ಕೆಳಗೆ ಉದ್ದನೆಯ ಕಲ್ಲುಚಪ್ಪಡಿ. ಔಟಾದವಳು ಅದರ ಮೇಲೆ ಹೋಗಿ ಕೂರಬೇಕು. ಔಟಾದ ಗಳಿಗೆಯಿಂದ ಅವಳ ಮಾತು ಯಾರಿಗೂ ಕೇಳಿಸುವುದಿಲ್ಲ. ಕೇಳಿಸಿದರೂ ಕೇಳಿಸದಂತೆ ನಟಿಸುವುದಲ್ಲ, ನಿಜವಾಗಿಯೂ ಕೇಳಿಸುವುದಿಲ್ಲ. ತುಟಿ ಅಲ್ಲಾಡುವುದು ಕಾಣುತ್ತದೆ, ಅಷ್ಟೆ. ಅವಳ ಪಕ್ಷದವರು ಎದುರಾಳಿಯನ್ನು ಔಟು ಮಾಡಿದರೆ ಅವಳು ಏಳುತ್ತಾಳೆ, ಮಾತು ಮರಳುತ್ತದೆ. ಒಬ್ಬರು ಬಿದ್ದರೆ ಒಬ್ಬರು ಏಳಬೇಕು. ಮೊದಲು ಔಟಾದವರು ಮೊದಲು ಏಳಬೇಕು. ನಿಯಮ ಇಷ್ಟೇ.

ಆಡುವವರು ನಾವು, ಹೆಂಗಸರು. ಆಡಿಸುವವರು ಅವರು, ಗಂಡಸರು. ಕಣದ ಪಡುವಣ ತುದಿಯಲ್ಲಿ ಎತ್ತರದ ಜಗಲಿ, ಜಗಲಿಯ ಮೇಲೆ ಚಪ್ಪರ, ಚಪ್ಪರದ ಕೆಳಗೆ ಏಳು ಕುರ್ಚಿ. ನಡುವಿನದರಲ್ಲಿ ಕೂತವನನ್ನು ಊರೆಲ್ಲ ದೊಡ್ಡ ಕುರ್ಚಿ ಎಂದೇ ಕರೆಯುತ್ತಿತ್ತು. ಅವನ ಬಲಕ್ಕೆ ಶಿಸ್ತಿನ ಕುರ್ಚಿ, ಎಡಕ್ಕೆ ಗಂಟೆಯ ಕುರ್ಚಿ. ಉಳಿದ ನಾಲ್ವರಿಗೆ ಕೂರುವುದೇ ಕೆಲಸ. ಏಳು ಜನರಲ್ಲಿ ಒಬ್ಬನೂ ಹುಟ್ಟಿದಾಗಿನಿಂದ ಕಣದ ಮಣ್ಣು ಮೆಟ್ಟಿದವನಲ್ಲ. ಅವರ ಅಂಗಾಲು ತೊಳೆದ ಮೂಲಂಗಿಯ ಹಾಗೆ ಬೆಳ್ಳಗಿರುತ್ತಿತ್ತು. ಆಗ ನಾವು ಅವರನ್ನು ಬಹುವಚನದಲ್ಲಿ ಕರೆಯುತ್ತಿದ್ದೆವು. ಈಗ ನನಗೆ ಆ ಮನಸ್ಸಿಲ್ಲ.

ಮಣ್ಣು ಮುಟ್ಟದವರು ಆಟವನ್ನು ಆಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ದೊಡ್ಡ ಕುರ್ಚಿ ನಗುತ್ತಿದ್ದ. "ಆಡೋಕೆ ಮೈ ಸಾಕಮ್ಮ. ಆಡ್ಸೋಕೆ ತಲೆ ಬೇಕು."

ವರ್ಷಕ್ಕೊಮ್ಮೆ ಚುನಾವಣೆಯೂ ನಡೆಯುತ್ತಿತ್ತು. ಏಳು ಜನ ಎದ್ದು ನಿಲ್ಲುತ್ತಿದ್ದರು. ಗಂಟೆ ಮೊಳಗುತ್ತಿತ್ತು. ಏಳು ಜನ ಮತ್ತೆ ಕೂರುತ್ತಿದ್ದರು. ಆರು ಜನ ಪಕ್ಕದ ಕುರ್ಚಿಗೆ ಸರಿದು ಕೂರುತ್ತಿದ್ದರು, ದೊಡ್ಡ ಕುರ್ಚಿಯವನು ಎದ್ದ ಹಾಗೆ ಮಾಡಿ ಅಲ್ಲೇ ಕೂರುತ್ತಿದ್ದ. ನಾವು ಕೆಳಗೆ ನಿಂತು ಚಪ್ಪಾಳೆ ತಟ್ಟಬೇಕಿತ್ತು. ತಟ್ಟುತ್ತಿದ್ದೆವು.

ಪ್ರತಿ ಆಟಕ್ಕೂ ಮುಂಚೆ ಒಂದು ಕಟ್ಟಳೆ. ನಾವು ಸಾಲಾಗಿ ಮೆಟ್ಟಿಲು ಹತ್ತಿ, ಏಳು ಜೊತೆ ಬಿಳಿ ಪಾದಗಳಿಗೆ ನಮಸ್ಕರಿಸಿ, ದೊಡ್ಡ ಕುರ್ಚಿಯ ಮುಂದೆ ತಲೆ ಬಗ್ಗಿಸಿ ನಿಲ್ಲಬೇಕು. ಅವನು ಒಬ್ಬೊಬ್ಬಳ ಹೆಗಲ ಮೇಲೆ ಕೈಯಿಟ್ಟು "ಚೆನ್ನಾಗಿ ಆಡು ಮಗಳೇ" ಎನ್ನುತ್ತಿದ್ದ. ಕೆಲವರ ಹೆಗಲ ಮೇಲೆ ಆ ಕೈ ಇಟ್ಟ ಹಾಗೆಯೇ ಎದ್ದುಬಿಡುತ್ತಿತ್ತು. ಕೆಲವರ ಹೆಗಲ ಮೇಲೆ ನಿಲ್ಲುತ್ತಿತ್ತು. ಯಾರ ಹೆಗಲ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದು ನಮಗೆಲ್ಲ ಗೊತ್ತಾಗುತ್ತಿತ್ತು, ಆ ದಿನ ಅವಳ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಜಗಲಿಯ ಮೇಲೆ ಒಬ್ಬ ಹೆಂಗಸೂ ಇದ್ದಳು. ಕುರ್ಚಿಗಳ ಪಕ್ಕದಲ್ಲಿ ಒಂದು ಮಣೆ, ಮಣೆಯ ಮೇಲೆ ಅವಳು. ಒಂದು ಕಾಲಕ್ಕೆ ಅವಳಂಥ ಆಟಗಾರ್ತಿ ಸುತ್ತಮುತ್ತ ಇರಲಿಲ್ಲವಂತೆ. ಹೆಂಗಸರಿಗೂ ಜಾಗ ಕೊಟ್ಟಿದ್ದೇವೆ ಎಂದು ತೋರಿಸಲು ಅವಳನ್ನು ಮೇಲೆ ಕೂರಿಸಿದ್ದರು. ಹಾರದ ತಟ್ಟೆ ಹಿಡಿಯುವುದು ಅವಳ ಕೆಲಸ. ಪ್ರತಿ ತೀರ್ಮಾನದ ಕೊನೆಗೆ ದೊಡ್ಡ ಕುರ್ಚಿ ಅವಳ ಕಡೆ ತಿರುಗದೆಯೇ "ಏನಮ್ಮ, ಸರಿ ತಾನೇ?" ಎಂದು ಕೇಳುತ್ತಿದ್ದ. ಮಣೆಯಾಕೆ ತಲೆಯಾಡಿಸುತ್ತಿದ್ದಳು.

ಇನ್ನು ಹೊಂಗೆಮರದ ಕೆಳಗಿನ ಕಲ್ಲು. ಅದರ ಮೇಲೆ ಆರು ಹೆಂಗಸರು ವರ್ಷಗಳಿಂದ ಕೂತೇ ಇದ್ದರು. ಅವರನ್ನು ಯಾವ ಎದುರಾಳಿಯೂ ಮುಟ್ಟಿ ಔಟು ಮಾಡಿದ್ದಲ್ಲ, ಜಗಲಿಯ ಮೇಲಿಂದ ಶಿಸ್ತಿನ ಕುರ್ಚಿ ಬೆರಳು ತೋರಿಸಿ ಔಟು ಎಂದಿದ್ದ. ಒಬ್ಬಳು, ನಾವು ಗೆದ್ದ ಪದಕ ನಮ್ಮ ಕೊರಳಿಂದ ನಿಮ್ಮ ಮನೆಯ ಗೋಡೆಗೆ ಹೇಗೆ ಹೋಯಿತು ಎಂದು ಕೇಳಿದವಳು. ಇನ್ನೊಬ್ಬಳು ಹೆಗಲು ಕೊಡದವಳು. ಮತ್ತೊಬ್ಬಳು ಚುನಾವಣೆಯ ದಿನ ಚಪ್ಪಾಳೆಯ ನಡುವೆ "ನಾನೂ ನಿಲ್ಲುತ್ತೇನೆ" ಎಂದವಳು. ಎದುರಾಳಿಯೇ ಇಲ್ಲದೆ ಔಟಾದವರನ್ನು ಯಾರನ್ನು ಸೋಲಿಸಿ ಎಬ್ಬಿಸುವುದು? ದಾರಿ ಇರಲಿಲ್ಲ. ಮನೆಯವರು ಊಟ ತಂದಿಡುತ್ತಿದ್ದರು, ಅವರು ಉಣ್ಣುತ್ತಿದ್ದರು, ಅವರ ಕೂದಲು ಅಲ್ಲೇ ಕೂತಲ್ಲೇ ನರೆಯಿತು.

ನಮ್ಮ ಪಕ್ಷದಲ್ಲಿ ಇಬ್ಬರ ಹೆಸರು ದೊಡ್ಡದು. ಒಬ್ಬಳು ದಾಳಿಯಾಕೆ. ಅವಳು ಉಸಿರು ಹಿಡಿದು ಗೆರೆ ದಾಟಿದಳೆಂದರೆ ಎದುರಿನವರ ಕಾಲು ತಾನಾಗಿ ಹಿಂದೆ ಹೋಗುತ್ತಿತ್ತು. ಇನ್ನೊಬ್ಬಳು ಮೂಲೆಯ ಹುಡುಗಿ. ಹದಿನಾರರ ವಯಸ್ಸು, ಕಡ್ಡಿಯಂಥ ಮೈ, ಆದರೆ ಎಡಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕಾದಿದ್ದು ಒಮ್ಮೆ ಯಾರದಾದರೂ ಕಣಕಾಲು ಹಿಡಿದಳೆಂದರೆ ಬಿಡಿಸಿಕೊಂಡು ಹೋದವರಿಲ್ಲ. ಅವಳನ್ನು ಆಟಕ್ಕೆ ಕರೆತಂದವಳು ದಾಳಿಯಾಕೆಯೇ. "ಕರ್ಕೊಂಡು ಹೋಗ್ತಿರೋಳು ನಾನು, ಕರ್ಕೊಂಡು ಬರೋಳೂ ನಾನೇ" ಎಂದು ಹುಡುಗಿಯ ತಾಯಿಗೆ ಮಾತು ಕೊಟ್ಟಿದ್ದಳು.

ಒಂದು ದಿನ ಆಟ ಮುಗಿದ ಮೇಲೆ ದೊಡ್ಡ ಕುರ್ಚಿ ಮೂಲೆಯ ಹುಡುಗಿಯನ್ನು ಜಗಲಿಯ ಹಿಂದಿನ ಕೋಣೆಗೆ ಕರೆಸಿದ. ಆಟದ ಬಗ್ಗೆ ಮಾತಾಡಬೇಕಿದೆ ಎಂದು ಹೇಳಿ ಕಳಿಸಿದ್ದ. ಕೋಣೆಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಹುಡುಗಿ ಹೊರಗೆ ಬಂದಾಗ ನಡೆಯುವುದನ್ನೇ ಮರೆತವಳ ಹಾಗಿದ್ದಳು. ದಾಳಿಯಾಕೆ ಏನಾಯಿತು ಎಂದು ಕೇಳಿದಳು. ಹುಡುಗಿ ಹೇಳಿದಳು. ದಾಳಿಯಾಕೆ ಅವಳ ಕೈ ಹಿಡಿದುಕೊಂಡು ನಡುಹಗಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ, ಜಗಲಿಯ ಮುಂದೆ ತಂದು ನಿಲ್ಲಿಸಿದಳು.

"ಇವರು ನನ್ನನ್ನ ಮುಟ್ಟಿದ್ರು" ಎಂದಳು ಹುಡುಗಿ.

ಜಗಲಿಯ ಮೇಲೆ ಏಳು ತಲೆ ಒಂದಾದವು. ಗುಸುಗುಸು ನಡೆಯಿತು. ಆಮೇಲೆ ಶಿಸ್ತಿನ ಕುರ್ಚಿ ಗಂಟಲು ಸರಿಮಾಡಿಕೊಂಡು ದೊಡ್ಡ ಕುರ್ಚಿಯನ್ನೇ ಕೇಳಿದ. "ಮುಟ್ಟಿದ್ರಾ ಯಜಮಾನ್ರೇ?"

"ಮುಟ್ಟಿದೆ" ಎಂದ ದೊಡ್ಡ ಕುರ್ಚಿ, ನಗುತ್ತಾ. "ಮುಟ್ಟಿ, ನನ್ನ ಕುರ್ಚಿಗೆ ವಾಪಸ್ ಬಂದೆ. ಉಸಿರು ಮುರೀಲಿಲ್ಲ."

"ನಾವೂ ಕೇಳಿಸಿಕೊಂಡ್ವಿ. ಮುರೀಲಿಲ್ಲ" ಎಂದರು ಉಳಿದವರು.

"ಹಾಗಾದ್ರೆ ಹುಡುಗಿ ಔಟು" ಎಂದ ಶಿಸ್ತಿನ ಕುರ್ಚಿ.

ದಾಳಿಯಾಕೆ ಕಿರುಚಿದಳು. "ಅದು ಕಣ ಅಲ್ಲ! ಕೋಣೆ! ನೀವು ಆಟಗಾರರೂ ಅಲ್ಲ!"

ಆಗ ಅವರು ಆ ತಪ್ಪು ಮಾಡಿದರು. ಆಡಿ ಗೊತ್ತಿದ್ದವರು ಯಾರೂ ಮಾಡದ ತಪ್ಪು. ಒಬ್ಬ ಹುಡುಗಿಯ ಬಾಯಿ ಮುಚ್ಚಿಸುವ ಅವಸರದಲ್ಲಿ ತಮ್ಮ ಕೈಯಾರೆ ಒಂದು ಆಜ್ಞೆ ಹೊರಡಿಸಿದರು. ಕುರ್ಚಿಯವರು ಕೂರುವ, ನಿಲ್ಲುವ, ಓಡಾಡುವ ಜಾಗವೆಲ್ಲ ಇಂದಿನಿಂದ ಕಣವೇ. ಏಳು ಕುರ್ಚಿಯವರು ಸೇರಿ ಒಂದು ಪಕ್ಷ. ಅವರು ಮುಟ್ಟಿದವರು ಔಟು. ಹಿಂದೆ ಔಟೆನಿಸಿಕೊಂಡವರೂ ಇದೇ ಪಕ್ಷದಿಂದ ಔಟಾದವರೇ.

"ಏನಮ್ಮ, ಸರಿ ತಾನೇ?"

ಮಣೆಯಾಕೆ ತಲೆಯಾಡಿಸಿದಳು. ಗಂಟೆಯ ಕುರ್ಚಿ ಗಂಟೆ ಬಾರಿಸಿದ. ಹುಡುಗಿ ದಾಳಿಯಾಕೆಯ ಕಡೆ ತಿರುಗಿ ಅಕ್ಕಾ ಎಂದು ಕೂಗಹೊರಟಿದ್ದಳು. "ಅ" ಎಂಬುದು ನಮಗೆ ಕೇಳಿಸಿತು. ಉಳಿದದ್ದು ಕೇಳಿಸಲಿಲ್ಲ. ಅವಳು ಹೋಗಿ ಕಲ್ಲಿನ ತುದಿಯಲ್ಲಿ ಏಳನೆಯವಳಾಗಿ ಕೂತಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎನ್ನುತ್ತಾರೆ. ನಮಗೆ ಹೇಳುವುದಕ್ಕೂ ಬಾಯಿ ಉಳಿಸಲಿಲ್ಲ.

ಅವತ್ತು ಸಂಜೆ ದಾಳಿಯಾಕೆ ಮಣೆಯಾಕೆಯನ್ನು ಹುಡುಕಿಕೊಂಡು ಹೋದಳು. ಜೊತೆಗೆ ನಾನಿದ್ದೆ. ಮಣೆಯಾಕೆ ಬಾವಿಕಟ್ಟೆಯಲ್ಲಿ ಹಾರದ ತಟ್ಟೆ ತಿಕ್ಕುತ್ತಿದ್ದಳು.

"ನಿಮಗೆ ಗೊತ್ತಿತ್ತು ಅಲ್ವಾ ಅಕ್ಕ?"

"ಗೊತ್ತಿತ್ತು ಕಣೇ." ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಆದ್ರೆ ಒಳಗಿದ್ರೆ ತಾನೇ ಏನಾದ್ರೂ ಬದಲಾಯಿಸೋಕಾಗೋದು?"

"ಏನು ಬದಲಾಯಿಸಿದ್ರಿ?"

ಮಣೆಯಾಕೆ ತಟ್ಟೆಯ ಅಂಚನ್ನು ಇನ್ನೊಮ್ಮೆ ತಿಕ್ಕಿದಳು. "ಮೊದಲು ಚಾಪೆ ಇತ್ತು. ನಾನು ಕೇಳಿಕೊಂಡ ಮೇಲೆ ಮಣೆ ಕೊಟ್ರು."

ನನಗೆ ನಗು ಬಂತು. ದಾಳಿಯಾಕೆ ನಗಲಿಲ್ಲ.

"ಅವರ ಆಜ್ಞೆ ಪ್ರಕಾರ ಅವರೀಗ ಎದುರಾಳಿಗಳು. ಅವರನ್ನ ಮುಟ್ಟಿ ಗೆರೆಗೆ ವಾಪಸ್ ಬಂದ್ರೆ ಅವರು ಔಟು. ಹೌದೋ ಅಲ್ವೋ?"

"ಹೌದು."

"ದೊಡ್ಡ ಕುರ್ಚಿನ ಮುಟ್ಟಿದ್ರೆ ನನ್ನ ಹುಡುಗಿ ಏಳ್ತಾಳಾ?"

ಮಣೆಯಾಕೆ ಈಗ ತಲೆಯೆತ್ತಿದಳು. "ಇಲ್ಲ. ಒಬ್ಬನ್ನ ಮುಟ್ಟಿದ್ರೆ ಕಲ್ಲಿನ ಮೇಲೆ ಮೊದಲು ಕೂತೋಳು ಏಳ್ತಾಳೆ. ನಿನ್ನ ಹುಡುಗಿ ಕೊನೇಲಿದಾಳೆ. ಏಳೂ ಜನರನ್ನ ಮುಟ್ಬೇಕು. ಒಂದು ಸಲ ಹೋದ್ರೆ ಅಷ್ಟೇ, ಎರಡನೇ ಸಲಕ್ಕೆ ಆಜ್ಞೆ ತಿದ್ದಿಬಿಡ್ತಾರೆ. ಗೆರೆಯಿಂದ ಜಗಲಿ, ಮೆಟ್ಟಿಲು, ಏಳು ಕುರ್ಚಿ, ಮತ್ತೆ ಗೆರೆ. ಒಂದೇ ಉಸಿರಲ್ಲಿ. ಅಷ್ಟು ಉಸಿರು ಯಾರಿಗಿದೆ? ನನಗೂ ಇರ್ಲಿಲ್ಲ." ತಟ್ಟೆಯನ್ನು ಬೋರಲು ಹಾಕಿದಳು. "ಸುಮ್ನಿರು ತಂಗಿ. ನಾನು ಹೋದ ಮೇಲೆ ಮಣೆ ನಿನ್ನದೇ."

ದಾಳಿಯಾಕೆ ಎದ್ದು ಬಂದಳು. ನೇರವಾಗಿ ಕಲ್ಲಿನ ಹತ್ತಿರ ಹೋದಳು. ಔಟಾಗದವರು ಆ ಕಲ್ಲಿನ ಮೇಲೆ ಕೂರುವ ಪದ್ಧತಿ ಇಲ್ಲ. ಅವಳು ಕೂತಳು.

ಅಂದಿನಿಂದ ಪ್ರತಿ ಸಂಜೆ ಕೂತಳು. ಔಟಾದವರು ಮಾತಾಡಿದರೆ ಕೇಳಿಸುವುದಿಲ್ಲ, ಆದರೆ ಉಸಿರಾಡಿದರೆ ಗಾಳಿ ಅಲ್ಲಾಡುತ್ತದೆ. ಪದಕದ ಲೆಕ್ಕ ಕೇಳಿದವಳ ಪಕ್ಕ ಕೂತು ಅವಳ ಉಸಿರಿಗೆ ತನ್ನ ಉಸಿರು ಕೂಡಿಸಿದಳು. ಹೆಗಲು ಕೊಡದವಳ ಪಕ್ಕ ಕೂತು ಅವಳ ಉಸಿರಿಗೆ ತನ್ನ ಉಸಿರು ಕೂಡಿಸಿದಳು. ಮಾತಾಡುವವರ ಉಸಿರು ಮಾತಿನಲ್ಲಿ ಖರ್ಚಾಗುತ್ತದೆ. ಆಡಲಾಗದ ಮಾತಿನ ಉಸಿರು ಒಳಗೇ ಕೂಡಿಕೊಳ್ಳುತ್ತಾ ಹೋಗುತ್ತದೆ. ಆ ಹೆಂಗಸರ ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ನಾವು ಒಲೆ ಹಚ್ಚಿ ಎಸರಿಡಬಹುದಾಗಿತ್ತು. ದಾಳಿಯಾಕೆ ಮೊದಲು ಏದಿದಳು, ಕೆಮ್ಮಿದಳು, ತಲೆ ತಿರುಗಿ ಬಿದ್ದಳು. ಏಳನೆಯವಳ ಪಕ್ಕದಲ್ಲಿ ಬಿದ್ದಾಗ ಹುಡುಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನ ಮೇಲೆ ಕೈಯಿಟ್ಟು, ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಉಸಿರಿಗೆ ತಾಳ ಹಾಕಿದಳು. ಹೀಗೆ ಹೊಂಗೆ ಹೂ ಬಿಟ್ಟು, ಉದುರಿ, ಕಾಯಾಯಿತು. ಏಳು ಹೆಂಗಸರ ಆಡದ ಮಾತೆಲ್ಲ ಒಬ್ಬಳ ಎದೆಯಲ್ಲಿ ತುಂಬಿತು.

ಚುನಾವಣೆಯ ದಿನ ಬಂತು. ಏಳು ಜನ ಹೊಸ ಪಂಚೆ ಉಟ್ಟು ಎದ್ದು ನಿಂತರು. ಮಣೆಯಾಕೆ ತಟ್ಟೆ ಹಿಡಿದು ನಿಂತಳು. ಗಂಟೆ ಮೊಳಗಿತು. ಏಳು ಜನ ಕೂತರು. ನಾವು ಚಪ್ಪಾಳೆ ತಟ್ಟಲಿಲ್ಲ. ಆ ಮೌನ ಅವರಿಗೆ ಅರ್ಥವಾಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾಳಿಯಾಕೆ ಬಗ್ಗಿ, ಕಣದ ನಡುಗೆರೆಯ ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡು, ಉಸಿರೆಳೆದಳು.

ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ.

ಅವಳು ಎದುರಿನ ಅಂಕಣ ದಾಟಿದಳು, ಕೊನೆಯ ಗೆರೆ ದಾಟಿದಳು. "ಏ, ಗೆರೆ ದಾಟಿದಳು, ಔಟು!" ಎಂದು ಶಿಸ್ತಿನ ಕುರ್ಚಿ ಕೂಗಿದ. ಔಟಲ್ಲ. ಕುರ್ಚಿ ಇರುವ ಜಾಗವೆಲ್ಲ ಕಣವೇ ಎಂದವರು ಯಾರು? ಅವಳು ಮೆಟ್ಟಿಲು ಹತ್ತಿದಳು. ಗಂಟೆಯ ಕುರ್ಚಿ ಆಟ ನಿಲ್ಲಿಸಲು ಗಂಟೆಯನ್ನು ಬಡಿದೇ ಬಡಿದ. ಒಂದು ಉಸಿರು ನಡೆಯುತ್ತಿರುವಾಗ ಗಂಟೆಗೆ ಬೆಲೆಯಿಲ್ಲ ಎಂಬುದು ನಮ್ಮೂರ ಕೂಸಿಗೂ ಗೊತ್ತು, ಅವನಿಗೆ ಗೊತ್ತಿರಲಿಲ್ಲ.

ಮೊದಲನೆಯವನನ್ನು ಮುಟ್ಟಿದಳು. ಎರಡನೆಯವನನ್ನು ಮುಟ್ಟಿದಳು. ಏಳು ಗಂಡಸರು ಕೈ ಕೈ ಹಿಡಿದು ಸರಪಳಿ ಕಟ್ಟಿದ್ದರೆ ಅವಳು ಅಲ್ಲೇ ಸಿಕ್ಕಿಬೀಳುತ್ತಿದ್ದಳು. ಆದರೆ ಅವರು ಯಾವತ್ತೂ ಒಬ್ಬರ ಕೈ ಒಬ್ಬರು ಹಿಡಿದವರಲ್ಲ, ಪಕ್ಕದವನು ತನ್ನ ಕುರ್ಚಿ ಎಳೆದುಬಿಡುತ್ತಾನೋ ಎಂದು ಕುರ್ಚಿಯ ಕೈಗಳನ್ನೇ ಗಟ್ಟಿಯಾಗಿ ಹಿಡಿದು ಬದುಕಿದವರು. ಗಂಟೆಯ ಕುರ್ಚಿಯ ಕೈ ಮುಟ್ಟಿದಳು. ದೊಡ್ಡ ಕುರ್ಚಿ ಕಾಲು ಮೇಲೆಳೆದುಕೊಂಡು, ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಮುದುಡಿ ಕೂತ. ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು. ಮುಟ್ಟಲು ಬೇಕಾದಷ್ಟು ಹೊತ್ತು ಮಾತ್ರ ಇಟ್ಟಳು, ತೆಗೆದಳು. ಶಿಸ್ತಿನ ಕುರ್ಚಿ ಎದ್ದು ಹಿಂದಿನಿಂದ ಅವಳ ಜಡೆಗೆ ಕೈ ಹಾಕಿ ಜಗ್ಗಿದ. ಜಡೆ ಹಿಡಿದವನೂ ಮುಟ್ಟಿಸಿಕೊಂಡವನೇ. ಅವಳ ತಲೆ ಹಿಂದಕ್ಕೆ ಬಾಗಿತು, ಕಬಡ್ಡಿ ಕಬಡ್ಡಿ ಎಂಬುದು ಆಕಾಶಕ್ಕೆ ಕೇಳುವ ಹಾಗೆ ಏರಿತು, ಜಡೆ ಕೊಸರಿಕೊಂಡು ಆರನೆಯವನನ್ನು ಮುಟ್ಟಿದಳು.

ಏಳನೆಯವನು ಕುರ್ಚಿ ಬಿಟ್ಟು ಓಡಿದ. ಪರದೆ ಸರಿಸಿ ಆ ಕೋಣೆಯೊಳಗೆ ಹೊಕ್ಕ.

ಆರು ಜನರನ್ನು ಮುಟ್ಟಿಯಾಗಿತ್ತು, ಅಲ್ಲಿಂದಲೇ ವಾಪಸು ಬಂದಿದ್ದರೂ ಆರು ಹೆಂಗಸರು ಏಳುತ್ತಿದ್ದರು. ಆದರೆ ಹುಡುಗಿ ಏಳುತ್ತಿರಲಿಲ್ಲ. ದಾಳಿಯಾಕೆ ಒಂದು ಸಲ ತಿರುಗಿ ನೋಡಿದಳು. ಆ ಚಪ್ಪರದ ಅಂಚು ಎಷ್ಟು ತಗ್ಗಾಗಿತ್ತೆಂದರೆ ಅಲ್ಲಿಂದ ಕೆಳಗಿರುವ ನಮ್ಮ ಯಾರ ಮುಖವೂ ಕಾಣಿಸುವುದಿಲ್ಲವಂತೆ, ಕುತ್ತಿಗೆಯಿಂದ ಕೆಳಗೆ ಮಾತ್ರ ಕಾಣಿಸುತ್ತದಂತೆ. ಇಷ್ಟು ವರ್ಷ ಅವರು ನಮ್ಮನ್ನು ನೋಡಿದ್ದು ಹಾಗೆ ಎಂದು ಅವಳು ಆಮೇಲೆ ಹೇಳಿದಳು. ಪರದೆ ಸರಿಸಿ ಅವಳೂ ಒಳಗೆ ಹೋದಳು.

ನಮಗೆ ಏನೂ ಕಾಣಿಸಲಿಲ್ಲ. ಒಳಗಿನಿಂದ ದನಿ ಮಾತ್ರ ಬರುತ್ತಿತ್ತು. ಕಬಡ್ಡಿ ಕಬಡ್ಡಿ. ದನಿ ಸಣ್ಣಗಾಯಿತು. ಏನೋ ಉರುಳಿದ ಸದ್ದು. ದನಿ ಇನ್ನೂ ಸಣ್ಣಗಾಯಿತು, ನೂಲಿನಷ್ಟಾಯಿತು. ನಾನು ಕಲ್ಲಿನ ಕಡೆ ನೋಡಿದೆ. ಏಳು ಹೆಂಗಸರು ಎದೆಯುಬ್ಬಿಸಿ ಉಸಿರು ಹಿಡಿದು ಕೂತಿದ್ದರು. ನಾವೂ ಹಿಡಿದೆವು. ಹೊಂಗೆಯ ಎಲೆ ಕೂಡ ಅಲ್ಲಾಡಲಿಲ್ಲ.

ಪರದೆ ಅಲ್ಲಾಡಿತು. ಅವಳು ಹೊರಬಂದಳು. ಮೆಟ್ಟಿಲಿನಲ್ಲಿ ಮುಗ್ಗರಿಸಿದಳು, ಮಣೆಯಾಕೆಯ ಸೀರೆಯ ನೆರಿಗೆಗೂ ಸೋಕದೆ ಸುತ್ತಿ ಇಳಿದಳು, ಕಣದಲ್ಲಿ ಮೊಣಕಾಲೂರಿದಳು, ತೆವಳಿದಳು. ತುಟಿಯಲ್ಲಿ ಕಬಡ್ಡಿ ಇತ್ತು. ಕೈ ಚಾಚಿದಳು. ಬೆರಳು ನಡುಗೆರೆ ಮುಟ್ಟಿದ ಮೇಲೆ ಉಸಿರು ಬಿಟ್ಟಳು.

ಕಲ್ಲಿನ ಮೇಲಿನವರು ಒಬ್ಬೊಬ್ಬರಾಗಿ ಎದ್ದರು. ಪದಕದವಳು ಎದ್ದವಳೇ, ವರ್ಷಗಳ ಹಿಂದೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ "ಹೇಗೆ ಹೋಯ್ತು ಹೇಳಿ" ಎಂದು ಮಾತು ಮುಂದುವರಿಸಿದಳು. ಒಬ್ಬಳು ಎದ್ದು ಬರೀ ಬಾಯಾರಿಕೆ ಎಂದಳು. ಕೊನೆಗೆ ಹುಡುಗಿ ಎದ್ದಳು. ಅವಳ ಬಾಯಿಂದ ಮೊದಲು ಹೊರಬಿದ್ದದ್ದು "ಕ್ಕಾ" ಎಂಬುದು. ದಾಳಿಯಾಕೆ ಮಣ್ಣಿನಲ್ಲಿ ಮುಖವಿಟ್ಟು ಅತ್ತಳು, ನಾವೆಲ್ಲರೂ ಅತ್ತೆವು.

ಜಗಲಿಯ ಮೇಲೆ ಏಳು ಬಾಯಿ ತೆರೆದು ಮುಚ್ಚುತ್ತಿದ್ದವು. ಸದ್ದಿರಲಿಲ್ಲ.

ಮಣೆಯಾಕೆ ತಟ್ಟೆಯನ್ನು ಕೆಳಗಿಟ್ಟು ಬಂದಳು. "ನನ್ನನ್ನ ಯಾಕೆ ಬಿಟ್ಟೆ? ಪಕ್ಕದಲ್ಲೇ ಇದ್ದೆನಲ್ಲೇ."

"ಆಜ್ಞೇಲಿ ಕುರ್ಚಿ ಅಂತಿತ್ತಕ್ಕ" ಎಂದಳು ದಾಳಿಯಾಕೆ. "ಮಣೆ ಅಂತಿರ್ಲಿಲ್ಲ."

ಏಟು ಎಲ್ಲಿಗೆ ಬೀಳಬೇಕೋ ಅಲ್ಲಿಗೆ ಬಿತ್ತು. ಮಣೆಯಾಕೆ ಮತ್ತೆ ಜಗಲಿ ಹತ್ತಿ, ಗಂಟೆಯ ಕುರ್ಚಿಯ ಕೈಯಿಂದ ಗಂಟೆಯನ್ನು ಕಿತ್ತುಕೊಂಡು, ಏಳು ಜನರಿಗೂ ಕಲ್ಲಿನ ದಾರಿ ತೋರಿಸಿದಳು.

ಅವರು ಹೋಗಿ ಕೂತರು. ಕೂರಲೇಬೇಕಿತ್ತು, ನಿಯಮ ಅವರದ್ದೇ. ಕಲ್ಲು ಬಿಸಿಲಿಗೆ ಕಾದಿತ್ತು, ಬಿಳಿ ಅಂಗಾಲು ಮೊದಲ ಬಾರಿಗೆ ಮಣ್ಣಾಯಿತು. ದೊಡ್ಡ ಕುರ್ಚಿ ನೀರು ಎಂದ, ಯಾರಿಗೂ ಕೇಳಿಸಲಿಲ್ಲ. ಬೈದ, ಕೇಳಿಸಲಿಲ್ಲ. ಅವನ ಹೆಂಡತಿ ಊಟದ ಬುತ್ತಿ ತಂದಿಟ್ಟು, ಅವನು ತುಟಿ ಕುಣಿಸುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ, "ಮನೇಲಿ ಈಗ ಎಷ್ಟು ನೆಮ್ಮದಿ ಗೊತ್ತಾ" ಎಂದು ನಮಗೆ ಹೇಳಿ ಹೋದಳು. ಏಳು ಕುರ್ಚಿಯನ್ನೂ ನಾವು ಒಡೆದು ನೀರೊಲೆಗೆ ಹಾಕಿದೆವು. ಒಳ್ಳೆಯ ಸಾಗುವಾನಿ, ಆಟ ಮುಗಿಸಿ ಬಂದವರಿಗೆಲ್ಲ ಬಿಸಿನೀರಾಯಿತು. ಮಾಡಿದ್ದುಣ್ಣೋ ಮಹಾರಾಯ. ಸ್ವಲ್ಪ ಕರುಣೆ ತೋರಿಸಬಹುದಿತ್ತು ಎನ್ನುವವರು ಇದ್ದಾರೆ. ಅವರು ಕಲ್ಲಿನ ಮೇಲೆ ಕೂದಲು ನರೆಸಿಕೊಂಡವರಲ್ಲ.

ಅವರಿಗೂ ಒಂದು ದಾರಿ ಇತ್ತು. ಅದನ್ನು ಮಣೆಯಾಕೆಯೇ ಅವರ ಮುಂದೆ ನಿಂತು ಹೇಳಿದಳು. "ಪಕ್ಷ ಪೂರ್ತಿ ಔಟಾದ್ರೆ ಪಕ್ಷದವರು ಕಣಕ್ಕಿಳೀಬಹುದು. ನಮ್ಮ ಅಂಕಣಕ್ಕೆ ಬಂದು, ಉಸಿರು ಮುರೀದೆ ನಿಮ್ಮ ಗೆರೆಗೆ ವಾಪಸ್ ಹೋದೋರಿಗೆ ಮಾತು ವಾಪಸ್. ಕಬಡ್ಡಿ ಅನ್ನೋದು ಮಾತ್ರ ಎಲ್ಲರಿಗೂ ಕೇಳಿಸುತ್ತೆ. ಮಧ್ಯೆ ಬೇರೆ ಒಂದು ಮಾತಾಡಿದ್ರೂ ಉಸಿರು ಮುರಿದ ಹಾಗೇ."

ಏಳು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ನೀನು ಹೋಗು ಎಂದು ಇವನು ಅವನನ್ನು ತಿವಿದ, ಅವನು ಇನ್ನೊಬ್ಬನನ್ನು ತಿವಿದ. ದಿನಗಳು ಕಳೆದವು. ಯಾವಾಗಲೂ ಎಲ್ಲದಕ್ಕೂ ಮೊದಲಿಗನಾಗಿದ್ದವನು ದೊಡ್ಡ ಕುರ್ಚಿಯೇ ಅಲ್ಲವೇ, ಕೊನೆಗೆ ಆರು ಜನ ಸೇರಿ ಅವನನ್ನೇ ದಬ್ಬಿದರು. ತನ್ನ ಮಾತು ಯಾರಿಗೂ ಬೇಡವಾದ ಲೋಕ ಅವನಿಗೂ ಸಾಕಾಗಿತ್ತು. ಪಂಚೆ ಎತ್ತಿ ಕಟ್ಟಿದ, ಗೆರೆಯ ಹತ್ತಿರ ಬಂದ. ನೆಲ ಡೊಂಕು ಎನ್ನುವವನಂತೆ ಎರಡು ಸಲ ಮಣ್ಣನ್ನು ಕಾಲಲ್ಲಿ ಒತ್ತಿ ನೋಡಿದ. ಉಸಿರೆಳೆದುಕೊಂಡ.

"ಕಬಡ್ಡಿ ಕಬಡ್ಡಿ ಕಬಡ್ಡಿ."

ನಾವು ದಾರಿ ಬಿಟ್ಟೆವು. ಅವನು ಒಳಗೆ ಬಂದ. ನಾವು ಇನ್ನೂ ಹಿಂದೆ ಸರಿದೆವು. ಧೈರ್ಯ ಬಂತು, ಇನ್ನೂ ಒಳಗೆ ಬಂದ. ಎಡಮೂಲೆಗೆ ಬೆನ್ನು ಕೊಟ್ಟು ದಾಳಿಯಾಕೆಯನ್ನೇ ನೋಡುತ್ತಾ ನಿಂತ. ಮೂಲೆಯ ಹುಡುಗಿ ಕುಕ್ಕರುಗಾಲಿನಿಂದ ಹಾಗೇ ಮುಂದೆ ಬಿದ್ದು ಅವನ ಕಣಕಾಲು ಹಿಡಿದಳು. ಅವನು ಬೋರಲು ಬಿದ್ದ. ನಾವೆಲ್ಲ ಸರಪಳಿ ಕಟ್ಟಿ ನಿಂತೆವು. ಅವನ ಮೈಮೇಲೆ ನಾವು ಯಾರೂ ಕೈ ಹಾಕಲಿಲ್ಲ. ಹುಡುಗಿಯ ಎರಡು ಕೈ ಸಾಕಿತ್ತು.

"ಕಬಡ್ಡಿ ಕಬಡ್ಡಿ" ಎಂದು ಅವನು ಮಣ್ಣಿಗೆ ಹೇಳುತ್ತಿದ್ದ.

"ಆವತ್ತು ನಾನು ಒಳಗೆ ಬಂದಾಗ ನೀವು ಪರದೆ ಎಳೆದ್ರಿ" ಎಂದಳು ಹುಡುಗಿ. ಕೂಗಲಿಲ್ಲ. ಆದರೂ ಕಣದ ಸುತ್ತ ನೆರೆದಿದ್ದ ಊರಿಗೆಲ್ಲ ಕೇಳಿಸಿತು. "ಆಟದ ವಿಷಯ ಅಂದ್ರಿ. ಕೂತ್ಕೋ ಅಂದ್ರಿ."

"ಕಬಡ್ಡಿ ಕಬಡ್ಡಿ ಕಬಡ್ಡಿ."

"ನಾನು ನಿಮ್ಮನ್ನ ನಮ್ಮಪ್ಪನ ಥರ ಅಂದ್ಕೊಂಡಿದ್ದೆ." ಆಮೇಲೆ ಅವಳು ಉಳಿದದ್ದನ್ನೆಲ್ಲ ಹೇಳಿದಳು. ಒಂದಾದ ಮೇಲೊಂದು, ಬಿಡದೆ, ನಿಧಾನವಾಗಿ. ಅವನ ಕೈ ಎಲ್ಲಿತ್ತು ಎಂಬುದನ್ನು ಹೇಳಿದಳು, ಅವನು ಏನು ಕೊಡುತ್ತೇನೆಂದ, ಏನು ಕಿತ್ತುಕೊಳ್ಳುತ್ತೇನೆಂದ ಎಂಬುದನ್ನು ಹೇಳಿದಳು. ಗಂಡಸರು ತಲೆ ತಗ್ಗಿಸಿದರು. ಅವಳ ತಾಯಿ ತಲೆ ತಗ್ಗಿಸಲಿಲ್ಲ.

"ಕಬಡ್ಡಿ... ಕಬಡ್ಡಿ..."

"ಸುಳ್ಳು ಅನ್ನಿ. ಹೂಂ, ಅನ್ನಿ ನೋಡೋಣ. ಹೀಗೆಲ್ಲ ಆಗ್ಲೇ ಇಲ್ಲ ಅಂತ ಹೇಳಿ. ಉಸಿರು ಬಿಡ್ಬೇಕಾಗುತ್ತೆ ಅಷ್ಟೇ."

ಅವನ ಕತ್ತಿನ ನರ ಉಬ್ಬಿತು. ಮುಖ ಕಪ್ಪಿಟ್ಟಿತು. ಬಾಯಿಯ ತುಂಬ ಮಣ್ಣು. ಕಬಡ್ಡಿ ಎಂಬುದು ಕ, ಬ, ಡ ಎಂದು ಚೂರುಚೂರಾಗಿ ಬೀಳತೊಡಗಿತು. ಜನ್ಮವಿಡೀ ಮಾತಾಡಿದವನಿಗೆ ಅವತ್ತು ಒಂದೇ ಮಾತು ಉಳಿದಿತ್ತು, ಅದೂ ಮುಗಿಯುತ್ತಾ ಬಂದಿತ್ತು. ಅವನು ಒಮ್ಮೆ ಹೊರಳಿ ಹುಡುಗಿಯ ಮುಖ ನೋಡಿದ. ಮೊದಲ ಸಲ ಮುಖ ನೋಡಿದನೆಂದು ಕಾಣುತ್ತದೆ. ಕಬಡ್ಡಿ ನಿಂತಿತು. ಮಣೆಯಾಕೆ ಗಂಟೆ ಬಾರಿಸಿದಳು. ಅವನ ತುಟಿ ಮಾತ್ರ ಅಲ್ಲಾಡುತ್ತಲೇ ಇತ್ತು. ಕೈಗಳೆರಡನ್ನೂ ಜೋಡಿಸಿದ್ದ, ಕಣ್ಣಿನಲ್ಲಿ ನೀರಿತ್ತು, ಅದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

"ತಪ್ಪಾಯ್ತು ಅಂತಿದಾನೇನೋ ಕಣೇ" ಎಂದಳು ಮಣೆಯಾಕೆ, ಗಂಟೆಯನ್ನು ಎದೆಗೊತ್ತಿಕೊಂಡು.

"ಅಂತಿರಬಹುದು" ಎಂದಳು ಹುಡುಗಿ. "ನನಗೇನೂ ಕೇಳಿಸ್ತಿಲ್ಲ."

ಅವಳು ಕಣಕಾಲು ಬಿಟ್ಟಳು. ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು, ಎಡಮೂಲೆಗೆ ಹೋಗಿ ಮತ್ತೆ ಕುಕ್ಕರುಗಾಲಿನಲ್ಲಿ ಕೂತಳು. ಕಲ್ಲಿನ ಮೇಲೆ ಉಳಿದ ಆರು ಜನರ ಕಡೆಗೆ ಗದ್ದ ಎತ್ತಿ ನೋಡಿದಳು.

"ಮುಂದಿನೋರನ್ನ ಕಳಿಸಿ" ಎಂದಳು.